ಮನೆ ಸುತ್ತಲಿನ ಹೂ, ಗಿಡ, ಹುಳುಗಳ ಫೋಟೊ: ದುರ್ಗ–ದಾವಣಗೆರೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗ, ದಾವಣಗೆರೆ ಕಡೆ ಹೂ–ಹುಳುಗಳ ಫೋಟೊ ತೆಗೆಯಲು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಾನು ದುರ್ಗದವನು, ಹಾಗಾಗಿ ಉದಾಹರಣೆಗಳಲ್ಲಿ ದುರ್ಗದ ಪಾಲು ಸ್ವಲ್ಪ ಜಾಸ್ತಿ. ದಾವಣಗೆರೆಯವರು ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮದು ಬಯಲುಸೀಮೆ. ಇಲ್ಲಿ ತೆಗೆಯುವಂಥದ್ದು ಏನಿದೆ? ಮಲೆನಾಡಿಗೇ ಹೋಗಬೇಕಲ್ವಾ?

ಬೇಕಿಲ್ಲ. ಜುಲೈ ತಿಂಗಳಲ್ಲಿ ಮಲೆನಾಡಿನ ಕಾಡೊಳಗೆ ನಿಂತರೆ ಬೆಳಕೇ ಸಾಲುವುದಿಲ್ಲ, ಜಿಗಣೆ ಬೇರೆ. ನಮ್ಮಲ್ಲಿ ಗಿಡಗಳು ಮೊಣಕಾಲೆತ್ತರ, ಮೇಲೆ ಆಕಾಶ ಬಯಲು, ಬೆಳಕಿಗೆ ಬರವಿಲ್ಲ. ನಿಮ್ಮ ಬಡಾವಣೆಯಲ್ಲಿ ಯಾರೂ ಮನೆ ಕಟ್ಟದೆ ಬಿಟ್ಟ ಒಂದು ಖಾಲಿ ಸೈಟ್ ನೋಡಿ. ಮಳೆ ಬಿದ್ದು ಒಂದೆರಡು ತಿಂಗಳಲ್ಲಿ ಅಲ್ಲಿ ತುಂಬೆ, ಉತ್ತರಾಣಿ, ನೆಗ್ಗಿಲು, ಅಣ್ಣೆ ಸೊಪ್ಪು, ವಿಷ್ಣುಕ್ರಾಂತಿ ಎದ್ದಿರುತ್ತವೆ. ಮೂಲೆಯಲ್ಲಿ ಒಂದು ಎಕ್ಕದ ಗಿಡ ಇದ್ದೇ ಇರುತ್ತದೆ. ಊರಾಚೆ ಕಲ್ಲುಗುಡ್ಡದ ಬುಡಕ್ಕೆ ಹೋದರೆ ಹಳದಿ ತಂಗಡಿ. ಬೇಲಿ ಮೇಲೆ ಹಬ್ಬಿದ ಅಗ್ನಿಶಿಖೆಯನ್ನು ಮಳೆಗಾಲದಲ್ಲಿ ನೋಡಿದ್ದೀರಾ? ಮೊದಲು ಹಸಿರು ಮಿಶ್ರಿತ ಹಳದಿ, ಆಮೇಲೆ ಕೆಂಪು. ಒಂದೇ ಬಳ್ಳಿಯಲ್ಲಿ ಎಲ್ಲ ಬಣ್ಣದ ಹೂವೂ ಒಟ್ಟಿಗೆ ಸಿಗುತ್ತವೆ. ಗಿಡವೆಲ್ಲ ವಿಷ, ಗಡ್ಡೆಯಂತೂ ಇನ್ನೂ ಹೆಚ್ಚು, ಕಿತ್ತು ತರಬೇಡಿ.

ಹೂ ಸಿಗುತ್ತೆ, ಹುಳು ಸಿಗಲ್ಲ. ಎಲ್ಲಿ ಹುಡುಕಬೇಕು?

ಹುಳು ಹುಡುಕಬೇಡಿ, ಗಿಡ ಹುಡುಕಿ. ಈ ಹವ್ಯಾಸದಲ್ಲಿ ಲೆನ್ಸ್‌ಗಿಂತ ಹೆಚ್ಚು ಕೆಲಸಕ್ಕೆ ಬರುವುದು ಇದೇ. ಬಹಳಷ್ಟು ಚಿಟ್ಟೆಗಳ ಮರಿ ಎಲ್ಲ ಗಿಡದ ಎಲೆ ತಿನ್ನುವುದಿಲ್ಲ. ತಾಯಿ ಚಿಟ್ಟೆ ತನ್ನ ಮರಿ ತಿನ್ನುವ ಗಿಡವನ್ನೇ ಹುಡುಕಿ ಮೊಟ್ಟೆ ಇಡುತ್ತದೆ. ಗಿಡ ಗೊತ್ತಿದ್ದರೆ ಹುಳು ಇರುವ ಜಾಗ ಅರ್ಧ ಗೊತ್ತಾದಂತೆ.

ಎಕ್ಕದಿಂದ ಶುರು ಮಾಡಿ. ಎಲೆ ಮಗುಚಿ ನೋಡಿ. ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಸಿಕ್ಕರೆ ಅದು ಪ್ಲೇನ್ ಟೈಗರ್ ಚಿಟ್ಟೆಯ ಮರಿ. ಎಕ್ಕದ ವಿಷವನ್ನೇ ಮೈಯಲ್ಲಿ ತುಂಬಿಕೊಳ್ಳುವುದರಿಂದ ಹಕ್ಕಿಗಳು ಅದನ್ನು ಮುಟ್ಟಲು ಹಿಂಜರಿಯುತ್ತವೆ. ಅದಕ್ಕೇ ಅಷ್ಟು ಧೈರ್ಯವಾಗಿ ಬಣ್ಣ ತೋರಿಸಿಕೊಂಡು ಕೂತಿರುತ್ತದೆ, ಫೋಟೊಕ್ಕೆ ಓಡಿಹೋಗುವುದಿಲ್ಲ. ಎಲೆ ತಿನ್ನುವ ಮೊದಲು ನರ ಕಚ್ಚಿ ಹಾಲು ಸೋರಿಹೋಗಲು ಬಿಡುವುದನ್ನೂ ನೋಡಬಹುದು. ಅದೇ ಗಿಡದ ಚಿಗುರಿನಲ್ಲಿ ರಸ ಹೀರುವ ಹಳದಿ ಸಸ್ಯಹೇನುಗಳ ಗುಂಪು, ಅವನ್ನು ತಿನ್ನಲು ಬಂದ ಗುಲಗಂಜಿ ಹುಳು, ಸಿಹಿ ನೆಕ್ಕಲು ಬಂದ ಇರುವೆ. ಅದೃಷ್ಟ ಇದ್ದರೆ ನೀಲಿ–ಹಳದಿ ಚಿತ್ತಾರದ ಎಕ್ಕದ ಮಿಡತೆ. ಹೂವಿಗೆ ದೊಡ್ಡ ಕಪ್ಪು ದುಂಬಿ ಬರುತ್ತದೆ. ಒಂದೇ ಗಿಡದ ಮುಂದೆ ಬೆಳಗ್ಗೆ ಪೂರ್ತಿ ಕಳೆಯಬಹುದು. ಎಕ್ಕದ ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ, ಅದು ನಿಜಕ್ಕೂ ಅಪಾಯ. ಎಲೆ ಮುಟ್ಟಿದ ಕೈಯಲ್ಲಿ ಕಣ್ಣುಜ್ಜಬೇಡಿ.

ಮನೆಯಲ್ಲಿ ನಿಂಬೆ ಅಥವಾ ಕರಿಬೇವಿನ ಗಿಡ ಇದೆಯಾ? ಎಳೆ ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದಂತೆ ಕಂಡರೆ ಒರೆಸಬೇಡಿ. ನಿಂಬೆ ಚಿಟ್ಟೆಯ ಮರಿ ಸಣ್ಣದಿರುವಾಗ ಥೇಟ್ ಹಾಗೇ ಕಾಣುತ್ತದೆ. ಬೆಳೆದ ಮೇಲೆ ಹಸಿರಾಗುತ್ತದೆ. ಕೆಣಕಿದರೆ ತಲೆ ಹಿಂದಿನಿಂದ ಕವಲೊಡೆದ ಕಿತ್ತಳೆ ಬಣ್ಣದ ಕೊಂಬು ಹೊರಗೆ ಹಾಕಿ ಘಾಟು ವಾಸನೆ ಬಿಡುತ್ತದೆ. ಫೋಟೊ ಚೆನ್ನಾಗಿ ಬರುತ್ತೆ ಅಂತ ಪದೇ ಪದೇ ಕೆಣಕುವವರಿದ್ದಾರೆ. ಬೇಡ, ಅದು ಹೆದರಿದ ಪ್ರಾಣಿ. ಗೂಡು ಕಟ್ಟಿದ ಮೇಲೆ ದಿನಾ ಒಂದು ಫೋಟೊ ತೆಗೆಯಿರಿ. ಗೂಡು ಕಪ್ಪಾಗಿ ಒಳಗಿನ ರೆಕ್ಕೆಯ ಬಣ್ಣ ಕಂಡರೆ ಮರುದಿನ ಬೆಳಗ್ಗೆ ಬೇಗ ಏಳಿ. ಹೊರಬಂದ ಚಿಟ್ಟೆ ರೆಕ್ಕೆ ಒಣಗಿಸಿಕೊಳ್ಳುತ್ತಾ ಹತ್ತಿರ ಹತ್ತಿರ ಒಂದು ಗಂಟೆ ಅಲ್ಲೇ ನೇತಾಡುತ್ತದೆ. ಅಷ್ಟು ಪುರುಸೊತ್ತಾಗಿ ಚಿಟ್ಟೆ ಬೇರೆ ಯಾವಾಗಲೂ ಸಿಗುವುದಿಲ್ಲ.

ತಂಗಡಿ ಎಲೆ ಮೇಲೆ ತಿಳಿ ಹಸಿರು ಹುಳು ಕಂಡರೆ ಅದು ಎಮಿಗ್ರೆಂಟ್ ಜಾತಿಯ ಚಿಟ್ಟೆಯದು. ಔಡಲ ಗಿಡಕ್ಕೆ ಕಾಮನ್ ಕ್ಯಾಸ್ಟರ್ ಬರುತ್ತದೆ. ಕುಂಡದಲ್ಲಿ ಬೇಡವೆಂದರೂ ಬೆಳೆಯುವ ಗೋಣಿ ಸೊಪ್ಪನ್ನು ಸ್ವಲ್ಪ ಉಳಿಸಿ, ಅದು ಡನಾಯ್ಡ್ ಎಗ್‌ಫ್ಲೈ ಚಿಟ್ಟೆಯ ಮರಿಯ ಊಟ. ಇದರ ಗಂಡು ಕಪ್ಪು, ಮೇಲೆ ದೊಡ್ಡ ಬಿಳಿ ಮಚ್ಚೆ. ಹೆಣ್ಣು ಮಾತ್ರ ಪ್ಲೇನ್ ಟೈಗರ್‌ನ ವೇಷ ಹಾಕಿರುತ್ತದೆ, ಹಕ್ಕಿ ಮೋಸ ಹೋಗಲಿ ಅಂತ. ಫೋಟೊ ದೊಡ್ಡದು ಮಾಡಿ ಹಿಂದಿನ ರೆಕ್ಕೆಯ ನಡುವೆ ನೋಡಿ. ಮೂರೋ ನಾಲ್ಕೋ ಕಪ್ಪು ಚುಕ್ಕೆ ಇದ್ದರೆ ಅಸಲಿ ಟೈಗರ್, ಮೇಲಂಚಿನಲ್ಲಿ ಒಂದೇ ಇದ್ದರೆ ವೇಷಧಾರಿ.

ಬದನೆ, ಟೊಮೆಟೊ ಹೂವಿಗೆ ನೀಲಿ ಪಟ್ಟೆಯ ಜೇನುಹುಳು ಬರುತ್ತದೆ. ಮೈ ಗಡಗಡ ನಡುಗಿಸಿ ಹೂವಿನಿಂದ ಪರಾಗ ಉದುರಿಸುತ್ತದೆ, ಸದ್ದು ಕೇಳಿಸುತ್ತದೆ. ಹಗಲು ಇದರ ಹಿಂದೆ ಓಡಿ ಪ್ರಯೋಜನ ಇಲ್ಲ. ಸಂಜೆ ಹೊತ್ತು ಒಣ ಕಡ್ಡಿಗಳನ್ನು ನೋಡಿ. ಗಂಡುಗಳು ಬಾಯಿಯಿಂದ ಕಡ್ಡಿ ಕಚ್ಚಿಕೊಂಡು, ಸಾಲಾಗಿ, ಹಾಗೇ ನಿದ್ದೆ ಹೋಗುತ್ತವೆ.

ಇದಕ್ಕೆ ಮೊಬೈಲ್ ಸಾಕಾ?

ಹೂವಿಗೆ ಧಾರಾಳ ಸಾಕು. ಚಿಟ್ಟೆ, ಏರೋಪ್ಲೇನ್ ಚಿಟ್ಟೆಗೂ ಸಾಕು. ಇರುವೆ, ಹೇನು, ಜಿಗಿಯುವ ಜೇಡದ ಕಣ್ಣು ಬೇಕೆಂದರೆ ಫೋನಿಗೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸ್ (ಸಣ್ಣದನ್ನು ಹತ್ತಿರದಿಂದ ದೊಡ್ಡದಾಗಿ ತೋರಿಸುವಂಥದ್ದು) ತೆಗೆದುಕೊಳ್ಳಿ.

ಕೆಲವು ಅಗ್ಗದ ಫೋನ್‌ಗಳಲ್ಲಿ ‘ಮ್ಯಾಕ್ರೊ ಕ್ಯಾಮೆರಾ’ ಅಂತ 2 ಮೆಗಾಪಿಕ್ಸೆಲ್‌ನದ್ದು ಇರುತ್ತದೆ. ಅದನ್ನು ಮರೆತುಬಿಡಿ. ಮುಖ್ಯ ಕ್ಯಾಮೆರಾದಲ್ಲೇ ಒಂದು ಗೇಣು ದೂರದಿಂದ 2 ಪಟ್ಟು ಜೂಮ್ ಹಾಕಿ ತೆಗೆದರೆ ಅದಕ್ಕಿಂತ ಚೆನ್ನಾಗಿ ಬರುತ್ತದೆ. ಹುಳುವೂ ಹೆದರುವುದಿಲ್ಲ, ಫೋನಿನ ನೆರಳೂ ಬೀಳುವುದಿಲ್ಲ. ದುಬಾರಿ ಫೋನ್‌ಗಳಲ್ಲಿ ಅಲ್ಟ್ರಾವೈಡ್ ಲೆನ್ಸೇ ಎರಡು ಮೂರು ಸೆಂಟಿಮೀಟರ್ ಹತ್ತಿರಕ್ಕೆ ಫೋಕಸ್ ಆಗುತ್ತದೆ. ಅದು ಒಳ್ಳೆಯದೇ.

ಇನ್ನೊಂದು ಉಪಾಯ: ಓಡಾಡುವ ಹುಳುವನ್ನು 4ಕೆ ವಿಡಿಯೊ ಮಾಡಿ, ಬೇಕಾದ ಚಿತ್ರವನ್ನು ಅದರಿಂದ ತೆಗೆಯಿರಿ. ಒಂದು ಫ್ರೇಮ್ ಅಂದರೆ ಸುಮಾರು 8 ಮೆಗಾಪಿಕ್ಸೆಲ್. ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಅಷ್ಟು ಸಾಲದೇ?

ಮೊದಲು ಲೆನ್ಸ್ ಒರೆಸಿ. ಸುಮ್ನೆ ಹೇಳುತ್ತಿಲ್ಲ. ಜೇಬಿನಲ್ಲಿಟ್ಟ ಫೋನಿನ ಲೆನ್ಸ್ ಮೇಲೆ ಎಣ್ಣೆ ಕೈ ಗುರುತು ಇದ್ದೇ ಇರುತ್ತದೆ.

ಫೋಕಸ್ ಹೂವಿಗೆ ಹೋಗದೆ ಹಿಂದಿನ ಗೋಡೆಗೆ ಹೋಗುತ್ತೆ. ಏನು ಮಾಡಲಿ?

ಹೂವು ಸಣ್ಣದಿದ್ದಾಗ ಫೋನಿಗೆ ಅದು ಕಾಣುವುದೇ ಇಲ್ಲ. ಹೂವಿನ ಪಕ್ಕ, ಅಷ್ಟೇ ದೂರದಲ್ಲಿ ನಿಮ್ಮ ಬೆರಳು ಹಿಡಿಯಿರಿ. ಪರದೆ ಮೇಲೆ ಬೆರಳಿನ ಜಾಗವನ್ನು ಒತ್ತಿ ಹಿಡಿದರೆ ಫೋಕಸ್ ಲಾಕ್ ಆಗುತ್ತದೆ. ಬೆರಳು ತೆಗೆಯಿರಿ, ಫೋನನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡುತ್ತಾ ಒಂದಷ್ಟು ಫೋಟೊ ತೆಗೆಯಿರಿ. ವಿಷ್ಣುಕ್ರಾಂತಿಯಂಥ ಪುಟ್ಟ ಹೂವಿಗೆ ಇದು ಬಿಟ್ಟರೆ ಬೇರೆ ದಾರಿ ಕಡಿಮೆ.

ಕ್ಯಾಮೆರಾ ಇದೆ. ಮ್ಯಾಕ್ರೊ ಲೆನ್ಸ್ ಕೊಳ್ಳಲೇಬೇಕಾ?

ತಕ್ಷಣ ಬೇಡ. ಕಡಿಮೆ ಖರ್ಚಿನದು ಎಕ್ಸ್‌ಟೆನ್ಷನ್ ಟ್ಯೂಬ್. ಇದರಲ್ಲಿ ಗಾಜೇ ಇರುವುದಿಲ್ಲ, ಲೆನ್ಸನ್ನು ಕ್ಯಾಮೆರಾದಿಂದ ಸ್ವಲ್ಪ ದೂರ ಇಡುತ್ತದೆ ಅಷ್ಟೇ. 50 ಎಂಎಂ ಲೆನ್ಸ್‌ಗೆ 25 ಎಂಎಂ ಟ್ಯೂಬ್ ಹಾಕಿದರೆ ಲೆನ್ಸ್ ಮೊದಲೇ ಕೊಡುತ್ತಿದ್ದುದರ ಮೇಲೆ ಇನ್ನೂ ಅರ್ಧ ಪಟ್ಟು ಹಿಗ್ಗುವಿಕೆ ಸಿಗುತ್ತದೆ. ಜೂಮ್ ಲೆನ್ಸ್ ಇದ್ದವರಿಗೆ ಮುಂದೆ ಸಿಕ್ಕಿಸುವ ಕ್ಲೋಸಪ್ ಗಾಜು ಒಳ್ಳೆಯದು. ರೇನಾಕ್ಸ್ ಡಿಸಿಆರ್ 250 ಬಹಳ ಜನ ಬಳಸುವಂಥದ್ದು. ಅದನ್ನು ಹಾಕಿದ ಮೇಲೆ ಹುಳುವಿನಿಂದ ಸುಮಾರು 11–12 ಸೆಂಟಿಮೀಟರ್ ದೂರಕ್ಕೆ ಹೋಗಬೇಕಾಗುತ್ತದೆ, ಅಷ್ಟು ಹತ್ತಿರ ಬಿಟ್ಟುಕೊಳ್ಳುವ ಹುಳು ಬೇಕು.

ಆಮೇಲೂ ಹುಚ್ಚು ಬಿಡದಿದ್ದರೆ 90ರಿಂದ 105 ಎಂಎಂ ನಡುವಿನ ಮ್ಯಾಕ್ರೊ ಲೆನ್ಸ್ ಕೊಳ್ಳಿ. 50–60 ಎಂಎಂ ಮ್ಯಾಕ್ರೊ ಅಗ್ಗ ಸಿಗಬಹುದು, ಆದರೆ ಹುಳುವಿನ ಮೂಗಿಗೇ ಲೆನ್ಸ್ ತಗುಲಿಸಬೇಕು.

‘1:1’ ಅಂತಾರಲ್ಲ, ಹಾಗಂದರೆ?

ಹುಳು ಎಷ್ಟು ಉದ್ದವಿದೆಯೋ ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಚಿಪ್) ಮೇಲೆ ಅದರ ಬಿಂಬವೂ ಅಷ್ಟೇ ಉದ್ದ. 36 ಮಿಲಿಮೀಟರ್ ಅಗಲದ ಸೆನ್ಸರ್ ಇರುವ ಫುಲ್ ಫ್ರೇಮ್ ಕ್ಯಾಮೆರಾ ಆದರೆ 36 ಮಿಲಿಮೀಟರ್ ಅಗಲದ ವಸ್ತು ಇಡೀ ಚಿತ್ರ ತುಂಬುತ್ತದೆ.

ಕಣ್ಣು ಚೆನ್ನಾಗಿ ಬಂದರೆ ಬಾಲ ಮಸುಕು, ಬಾಲ ಬಂದರೆ ಕಣ್ಣು ಮಸುಕು. ಯಾಕೆ ಹೀಗೆ?

ಹತ್ತಿರ ಹೋದಷ್ಟೂ ಫೋಕಸ್‌ನ ಆಳ ಕಡಿಮೆಯಾಗುತ್ತದೆ. 1:1ರಲ್ಲಿ, ಎಫ್ 8 (ಲೆನ್ಸ್ ಕಿಂಡಿಯ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಸಣ್ಣದು) ಇಟ್ಟರೂ, ಸ್ಪಷ್ಟವಾಗಿ ಕಾಣುವುದು ಒಂದು ಮಿಲಿಮೀಟರ್ ಆಸುಪಾಸು ಮಾತ್ರ. ಎಫ್ 22ಕ್ಕೆ ಹೋದರೆ ಆಳ ಹೆಚ್ಚುತ್ತದೆ ನಿಜ, ಆದರೆ ಸಣ್ಣ ಕಿಂಡಿಯಲ್ಲಿ ಬೆಳಕು ಚದುರಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಎಫ್ 8ರಿಂದ 13ರವರೆಗೆ ಸರಿ.

ಇದಕ್ಕಿಂತ ಮುಖ್ಯ ನೀವು ನಿಲ್ಲುವ ಕೋನ. ಚಿಟ್ಟೆ ರೆಕ್ಕೆ ಮಡಚಿ ಕೂತಿದ್ದರೆ ಸೆನ್ಸರ್ ರೆಕ್ಕೆಗೆ ಸಮಾನಾಂತರವಾಗಿ ಇರಲಿ. ಆಗ ಆ ಒಂದು ಮಿಲಿಮೀಟರ್‌ನಲ್ಲೇ ಇಡೀ ರೆಕ್ಕೆ ಸಿಗುತ್ತದೆ. ಎದುರಿನಿಂದ ತೆಗೆಯುವಾಗ ಕಣ್ಣು ಸ್ಪಷ್ಟ ಬಂದರೆ ಸಾಕು, ಉಳಿದದ್ದು ಮಸುಕಾದರೂ ನೋಡುವವರು ಕ್ಷಮಿಸುತ್ತಾರೆ.

ದುರ್ಗದ ಗಾಳಿಗೆ ಹೂವು ನಿಲ್ಲೋದೇ ಇಲ್ಲ!

ಗೊತ್ತು. ಗುಡ್ಡಗಳ ಮೇಲೆ ಗಾಳಿಯಂತ್ರದ ಸಾಲು ನಿಲ್ಲಿಸಿರುವುದು ಸುಮ್ನೆ ಅಲ್ಲವಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಜೋರು. ಬೆಳಗ್ಗೆ ಎಂಟರೊಳಗೆ ಮುಗಿಸಿಬಿಡಿ, ಹೊತ್ತೇರಿದಂತೆ ಹೆಚ್ಚುತ್ತದೆ. ಕಾಂಪೌಂಡ್ ಗೋಡೆಯ ಮರೆಯ ಗಿಡ ಆರಿಸಿಕೊಳ್ಳಿ. ಕಲ್ಲುಬಂಡೆಗಳ ಸಂದಿಯಲ್ಲೂ ಗಾಳಿ ಕಡಿಮೆ, ಕೋಟೆ ಸುತ್ತ ಅದಕ್ಕೆ ಬರವೇ?

ಒಂದು ಕಡ್ಡಿ ನೆಟ್ಟು, ಹೂವಿನ ತೊಟ್ಟನ್ನು ಬಟ್ಟೆ ಒಣಗಿಸುವ ಕ್ಲಿಪ್‌ನಿಂದ ಮೆಲ್ಲಗೆ ಅದಕ್ಕೆ ಹಿಡಿಸಿ. ಕ್ಲಿಪ್ಪಿಗೆ ಹತ್ತಿ ಸುತ್ತಿದರೆ ತೊಟ್ಟು ನಜ್ಜಾಗುವುದಿಲ್ಲ. ಶಟರ್ ವೇಗವನ್ನು 1/250 ಸೆಕೆಂಡ್‌ಗಿಂತ ಕೆಳಗೆ ಇಳಿಸಬೇಡಿ, ಐಎಸ್ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಏರಿದರೆ ಏರಲಿ. ಗಾಳಿ ಎಷ್ಟೇ ಇದ್ದರೂ ನಡುವೆ ಒಮ್ಮೊಮ್ಮೆ ನಿಲ್ಲುತ್ತದೆ, ಆ ಗಳಿಗೆಗೆ ಬೆರಳು ಶಟರ್ ಮೇಲೆ ಸಿದ್ಧ ಇರಬೇಕು.

ಯಾವ ಹೊತ್ತು, ಯಾವ ತಿಂಗಳು ಒಳ್ಳೆಯದು?

ಬೆಳಗ್ಗೆ ಆರರಿಂದ ಎಂಟು. ಬೆಳಕು ಮೆತ್ತಗಿರುತ್ತದೆ. ಹುಳುಗಳಿಗೆ ಹಾರಲು ಮೈ ಬಿಸಿಯಾಗಬೇಕು, ತಣ್ಣಗಿರುವಾಗ ಅವು ಹೋಗುವುದಿಲ್ಲ. ನವೆಂಬರ್‌ನಿಂದ ಜನವರಿವರೆಗೆ ಇಬ್ಬನಿ ಬೋನಸ್. ಆಗ ಕೆರೆ ಪಕ್ಕದ ಹುಲ್ಲಿನಲ್ಲಿ ಏರೋಪ್ಲೇನ್ ಚಿಟ್ಟೆಗಳು ಮೈತುಂಬ ಹನಿ ಹೊತ್ತು ಅಲುಗಾಡದೆ ಕೂತಿರುತ್ತವೆ. ಸೂರ್ಯ ಏರಿದ ಮೇಲೂ ಏರೋಪ್ಲೇನ್ ಚಿಟ್ಟೆ ಬಿಡಬೇಡಿ. ಹಾರಿಹೋದರೂ ಅದೇ ಕಡ್ಡಿಗೆ ಮತ್ತೆ ಬಂದು ಕೂರುವ ಅಭ್ಯಾಸ ಅದಕ್ಕಿದೆ. ನೀವು ಕಡ್ಡಿಗೆ ಫೋಕಸ್ ಮಾಡಿ ಕಾದರೆ ಆಯಿತು. ಸುಡುಬಿಸಿಲಲ್ಲಿ ಬಾಲವನ್ನು ಸೂರ್ಯನ ಕಡೆ ನೆಟ್ಟಗೆ ಎತ್ತಿ ತಲೆಕೆಳಗಾಗಿ ನಿಂತಂತೆ ಕೂರುತ್ತದೆ, ಮೈಗೆ ಬಿಸಿಲು ಕಡಿಮೆ ತಾಗಲಿ ಅಂತ. ಮಧ್ಯಾಹ್ನದ ಫೋಟೊಗಳಲ್ಲಿ ನನಗೆ ಇಷ್ಟವಾಗುವುದು ಅದೊಂದೇ.

ಹೂವುಗಳಿಗೂ ಟೈಮ್ ಟೇಬಲ್ ಇದೆ. ವಿಷ್ಣುಕ್ರಾಂತಿ ಮಧ್ಯಾಹ್ನದ ಹೊತ್ತಿಗೆ ಮುದುಡುತ್ತದೆ. ಕುಂಡದ ಟೇಬಲ್ ರೋಸ್ ಬಿಸಿಲು ಬರುವವರೆಗೆ ಅರಳುವುದಿಲ್ಲ. ಸಂಜೆ ಮಲ್ಲಿಗೆ ಹೆಸರಿಗೆ ತಕ್ಕ ಹಾಗೆ ಸಂಜೆಗೆ, ಕತ್ತಲಾಗುತ್ತಿದ್ದಂತೆ ಅದಕ್ಕೆ ದೊಡ್ಡ ಪತಂಗಗಳು ಬರುತ್ತವೆ.

ತಿಂಗಳ ಲೆಕ್ಕಕ್ಕೆ ಬಂದರೆ ಜೂನ್ ಮೊದಲ ಮಳೆಯಲ್ಲಿ ಮಖಮಲ್ಲಿನಂಥ ಕೆಂಪು ಹುಳು ನೆಲದ ಮೇಲೆ ಬರುತ್ತದೆ, ಮೃಗಶಿರ ಮಳೆಯ ಹೊತ್ತಿಗೆ ಎಲ್ಲರೂ ನೋಡಿರುವುದೇ. ನೆಲದ ಮಟ್ಟಕ್ಕೆ ಮಲಗಿ ತೆಗೆಯಬೇಕು. ಸೆಪ್ಟೆಂಬರ್, ಅಕ್ಟೋಬರ್ ಚಿಟ್ಟೆಗೆ ಸುಗ್ಗಿ. ಏಪ್ರಿಲ್‌ನಲ್ಲಿ ಹೊಂಗೆ, ಬೇವು ಹೂಬಿಟ್ಟಿರುತ್ತವೆ, ಜೇನಿನ ಕೆಲಸ ನೋಡಬಹುದು. ಬೇಸಿಗೆಯಲ್ಲಿ ಪಾತ್ರೆ ತೊಳೆದ ನೀರು ಹರಿಯುವ ಜಾಗ ಒದ್ದೆಯಾಗಿದ್ದರೆ ಚಿಟ್ಟೆಗಳು ಉಪ್ಪಿನಂಶ ಹೀರಲು ಅಲ್ಲಿಗೇ ಬರುತ್ತವೆ. ಹೆಚ್ಚಾಗಿ ಗಂಡುಗಳು.

ತಂಗಡಿ, ಚೆಂಡುಹೂ ಬಿಸಿಲಲ್ಲಿ ಬರೀ ಹಳದಿ ಮುದ್ದೆಯಾಗಿ ಬರುತ್ತೆ.

ಪರದೆ ಮೇಲೆ ಹೂವನ್ನು ಒತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಕ್ಯಾಮೆರಾದಲ್ಲಿ ಎಕ್ಸ್‌ಪೋಶರ್ ಕಾಂಪೆನ್ಸೇಷನ್ (ಚಿತ್ರದ ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಅರ್ಧದಿಂದ ಒಂದು ಸ್ಟಾಪ್ ಕಡಿಮೆ ಮಾಡಿ, ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ. ಜೊತೆಯಲ್ಲಿ ಯಾರಾದರೂ ಇದ್ದರೆ ಬಿಳಿ ಪಂಚೆ ಅಡ್ಡ ಹಿಡಿಯಲಿ, ಬಿಸಿಲು ಸೋಸಿ ಬರುತ್ತದೆ. ಒಬ್ಬರೇ ಇದ್ದರೆ ಕೊಡೆ ಸಾಕು. ನೆರಳಿನ ಕಡೆ ಬೆಳಕು ತಿರುಗಿಸಲು ಬೆಳ್ಳಿ ಬಣ್ಣ ಹಚ್ಚಿದ ಕಾಗದದ ತಟ್ಟೆ ಒಂದು ಬ್ಯಾಗಿನಲ್ಲಿರಲಿ.

ಫ್ಲ್ಯಾಷ್ ಹಾಕಬಹುದಾ?

ಹಾಕಬಹುದು, ಆದರೆ ಬರಿಯ ಫ್ಲ್ಯಾಷ್ ಬೇಡ. ದುಂಬಿ, ಗುಲಗಂಜಿ ಹುಳುಗಳ ಬೆನ್ನು ನುಣುಪು, ಬಿಳಿ ಚುಕ್ಕೆ ಹೊಡೆಯುತ್ತದೆ. ಫ್ಲ್ಯಾಷ್ ಮುಂದೆ ಥರ್ಮೊಕೋಲ್ ಹಾಳೆಯನ್ನೋ ಎರಡು ಪದರ ಟಿಶ್ಯೂ ಕಾಗದವನ್ನೋ ಹುಳುವಿಗೆ ಆದಷ್ಟು ಹತ್ತಿರ ಬರುವಂತೆ ಕಟ್ಟಿ. ಶಟರ್ 1/200 ಇಡಿ. ಫ್ಲ್ಯಾಷ್ ಬೆಳಕು ಬಹಳ ಕಡಿಮೆ ಹೊತ್ತು ಇರುವುದರಿಂದ ಗಾಳಿಯ ಅಲುಗಾಟವೂ ನಿಂತಂತೆ ಕಾಣುತ್ತದೆ.

ಹುಳುವನ್ನು ಫ್ರಿಜ್‌ನಲ್ಲಿ ಇಟ್ಟು ತೆಗೆದರೆ ಅಲುಗಾಡಲ್ಲ ಅಂತಾರೆ. ಸರೀನಾ?

ಸರಿಯಲ್ಲ. ಅಂಥ ಫೋಟೊದಲ್ಲಿ ಹುಳು ಕೂತಿರುವ ಭಂಗಿಯೇ ಹೇಳಿಬಿಡುತ್ತದೆ, ನೋಡಿದವರಿಗೆ ಗೊತ್ತಾಗುತ್ತದೆ. ಹೂವಿನ ಮೇಲೆ ನೀರು ಚಿಮುಕಿಸುವುದಕ್ಕೆ ನನ್ನ ತಕರಾರಿಲ್ಲ, ಆದರೆ ಇಬ್ಬನಿ ಅಂತ ಹೇಳಿಕೊಳ್ಳಬೇಡಿ. ಹುಳುವಿನ ಮೇಲೆ ಚಿಮುಕಿಸಬೇಡಿ. ಅಡ್ಡ ಬಂದ ಹುಲ್ಲನ್ನು ಕೀಳುವ ಬದಲು ಬಗ್ಗಿಸಿ ಹಿಡಿಯಿರಿ.

ಎಲ್ಲಿಗೆ ಹೋಗಬಹುದು? ಅನುಮತಿ ಬೇಕಾ?

ದಾವಣಗೆರೆಯವರಿಗೆ ಕುಂದವಾಡ ಕೆರೆ ಏರಿ, ಭದ್ರಾ ನಾಲೆ ಪಕ್ಕದ ಗದ್ದೆ ಬದುಗಳು. ನೀರಿರುವ ಕಡೆ ಏರೋಪ್ಲೇನ್ ಚಿಟ್ಟೆ ಜಾಸ್ತಿ. ಸ್ವಲ್ಪ ದೂರ ಹೋಗಬಹುದಾದರೆ ಕೊಂಡಜ್ಜಿ. ದುರ್ಗದವರಿಗೆ ಚಂದ್ರವಳ್ಳಿ ದಾರಿ, ಆಡುಮಲ್ಲೇಶ್ವರದ ಕಡೆ. ಜೋಗಿಮಟ್ಟಿ ವನ್ಯಜೀವಿ ಧಾಮ, ಅಲ್ಲಿಗೆ ಅರಣ್ಯ ಇಲಾಖೆಯ ಅನುಮತಿ ಕೇಳಿಯೇ ಹೋಗಬೇಕು. ಅಲ್ಲಿಂದ ಹೂವು, ಹುಳು ಏನನ್ನೂ ತರುವಂತಿಲ್ಲ. ಕೋಟೆ ಕೇಂದ್ರ ಪುರಾತತ್ವ ಇಲಾಖೆಯದು. ಕೈಯಲ್ಲಿ ಹಿಡಿದು ತೆಗೆಯಲು ತೊಂದರೆ ಇಲ್ಲ, ಟ್ರೈಪಾಡ್‌ಗೆ ಅನುಮತಿ ಬೇಕು.

ಹೊಲಕ್ಕೆ ಹೋಗುವ ಮೊದಲು ರೈತರನ್ನು ಕೇಳಿ. ಹತ್ತಿ, ಮೆಕ್ಕೆಜೋಳಕ್ಕೆ ಔಷಧಿ ಹೊಡೆದಿದ್ದಾರಾ ಅಂತಲೂ ಕೇಳಿ. ಹೊಡೆದಿದ್ದರೆ ಆ ದಿನ ಹುಳುವೂ ಸಿಗದು, ನಿಮ್ಮ ಆರೋಗ್ಯಕ್ಕೂ ಒಳ್ಳೆಯದಲ್ಲ.

ಯಾವುದಕ್ಕೆ ಹುಷಾರಾಗಿರಬೇಕು?

ಹೆಜ್ಜೇನು, ಎಲ್ಲಕ್ಕಿಂತ ಮೊದಲು. ಬಂಡೆ ಕೆಳಗೆ, ದೊಡ್ಡ ಮರದಲ್ಲಿ ಅದರ ಗೂಡು ಕಂಡರೆ ಹತ್ತಿರ ಹೋಗಲೇಬೇಡಿ, ಫ್ಲ್ಯಾಷ್ ಅಂತೂ ಬೇಡವೇ ಬೇಡ. ಕೋಲು ಜೇನು ಸೌಮ್ಯ, ಆದರೂ ಉಸಿರು ತಾಗುವಷ್ಟು ಹತ್ತಿರ ಬೇಡ. ನುಗ್ಗೆ ಮರದ ಕಂಬಳಿ ಹುಳು ತಾಗಿದರೆ ತುರಿಕೆ. ಕಾಂಗ್ರೆಸ್ ಗಿಡದ ನಡುವೆ ಮಂಡಿಯೂರಿದರೂ ಕೆಲವರಿಗೆ ಚರ್ಮ ಕೆಂಪಾಗುತ್ತದೆ, ತುಂಬು ತೋಳಿನ ಅಂಗಿ, ಪ್ಯಾಂಟ್ ಹಾಕಿ. ಬಂಡೆ ಸಂದಿ, ಪೊದೆಗಳಲ್ಲಿ ಕೊಳಕುಮಂಡಲ ಇರಬಹುದು. ಕ್ಯಾಮೆರಾದಲ್ಲಿ ಕಣ್ಣಿಟ್ಟು ಹಿಂದಕ್ಕೆ ಹೆಜ್ಜೆ ಹಾಕಬೇಡಿ.

ತೆಗೆದದ್ದಕ್ಕೆ ಹೆಸರು ಹೇಗೆ ಕಂಡುಹಿಡಿಯೋದು?

ಗೂಗಲ್ ಲೆನ್ಸ್ ಅಂದಾಜು ಹೇಳುತ್ತದೆ, ನಂಬಿ ಕೂರಬೇಡಿ. ಗಿಡ, ಹುಳುಗಳ ಫೋಟೊ ಹಂಚಿಕೊಳ್ಳುವ ಜಾಲತಾಣಗಳಾದ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿದರೆ ತಿಳಿದವರು ನೋಡಿ ತಿದ್ದುತ್ತಾರೆ. ಒಂದೇ ಫೋಟೊ ಹಾಕಬೇಡಿ. ಹೂವಿಗೆ ಎದುರಿನಿಂದ ಒಂದು, ಪಕ್ಕದಿಂದ ಒಂದು, ಎಲೆ ಮತ್ತು ಕಾಂಡದ್ದು ಒಂದು. ಚಿಟ್ಟೆಗೆ ರೆಕ್ಕೆಯ ಮೇಲ್ಭಾಗ, ಕೆಳಭಾಗ ಎರಡೂ. ಹುಳು ಯಾವ ಗಿಡದ ಮೇಲಿತ್ತು ಅಂತ ಬರೆಯಿರಿ, ಹೆಸರು ಹೇಳುವವರಿಗೆ ಅದು ದೊಡ್ಡ ಸುಳಿವು. ಮನೆ ಅಂಗಳದಲ್ಲಿ ತೆಗೆದದ್ದಾದರೆ ಜಾಗವನ್ನು ನಿಖರವಾಗಿ ತೋರಿಸದಂತೆ ಸೆಟ್ಟಿಂಗ್ ಬದಲಿಸಿಕೊಳ್ಳಿ.

ಜೇಡವನ್ನೂ ಕೀಟದ ಪಟ್ಟಿಗೆ ಸೇರಿಸಬಹುದಾ?

ಫೋಟೊ ಆಲ್ಬಂಗೆ ಸೇರಿಸಿ. ಶಾಲೆಯ ಪ್ರಾಜೆಕ್ಟ್‌ಗೆ ಬೇಡ, ಕೀಟಕ್ಕೆ ಆರು ಕಾಲು, ಜೇಡಕ್ಕೆ ಎಂಟು ಕಾಲು. ಬೆಳೆದ ಮಖಮಲ್ ಹುಳುವಿಗೂ ಅಷ್ಟೇ.

ಖಾಲಿ ಸೈಟಿನಲ್ಲಿ ಕುಕ್ಕರಗಾಲಲ್ಲಿ ಕೂತರೆ ಜನ ಅನುಮಾನದಿಂದ ನೋಡ್ತಾರೆ.

ನೋಡುತ್ತಾರೆ. ಕ್ಯಾಮೆರಾ ಯಾರ ಮನೆ ಕಿಟಕಿ ಕಡೆಗೂ ತಿರುಗದಂತೆ ಕೂತುಕೊಳ್ಳಿ. ಯಾರಾದರೂ ಬಂದರೆ ಎದ್ದು ಫೋಟೊ ತೋರಿಸಿ. ‘ಇದು ನಮ್ಮ ಸೈಟಲ್ಲಿ ಇತ್ತಾ?’ ಅಂತ ಕೇಳಿದ ಮೇಲೆ ಜಗಳ ಮುಂದುವರಿಯುವುದು ಕಡಿಮೆ. ಕೆಲವು ಮಾಲೀಕರು ಆಗಾಗ ಜೆಸಿಬಿ ತರಿಸಿ ಸೈಟ್ ಕ್ಲೀನ್ ಮಾಡಿಸುತ್ತಾರೆ. ಪರಿಚಯ ಆದಮೇಲೆ ಅದು ಯಾವತ್ತು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಎಕ್ಕದ ಮೇಲೆ ಪಟ್ಟೆ ಹುಳುಗಳಿದ್ದರೆ ಹಿಂದಿನ ದಿನವೇ ಎಲೆ ಸಮೇತ ಕತ್ತರಿಸಿ ಪಕ್ಕದ ಬೇಲಿಯ ಎಕ್ಕದ ಮೇಲೆ ಇಟ್ಟು ಬನ್ನಿ, ಅವೇ ಹತ್ತಿಕೊಳ್ಳುತ್ತವೆ.